ಹಿತ್ತಲಿಗೆ ಬಂದ ಹಳೆಯ ಹಾಟ್ ಟಬ್

‘ಉಚಿತ. ನೀವೇ ಬಂದು ಸಾಗಿಸಿಕೊಳ್ಳಿ.’ ಅಮೆರಿಕದ ಕ್ಲಾಸಿಫೈಡ್ ಜಾಹೀರಾತುಗಳಲ್ಲಿ ಹಳೆಯ ಹಾಟ್ ಟಬ್‌ಗಳ, ಅಂದರೆ ಹಲವರು ಒಟ್ಟಿಗೆ ಕೂರುವ ಬಿಸಿನೀರಿನ ತೊಟ್ಟಿಗಳ, ಚಿತ್ರದ ಕೆಳಗೆ ಇಂಥ ಸಾಲು ಆಗಾಗ ಕಣ್ಣಿಗೆ ಬೀಳುತ್ತದೆ. ಹೊಸ ಟಬ್‌ಗೆ ಸಾವಿರಾರು ಡಾಲರ್ ತೆರಬೇಕು. ಮನೆ ಮಾರಿ ಹೊರಟವರು, ಮಕ್ಕಳು ದೊಡ್ಡವರಾದ ಮೇಲೆ ಬಳಸದೆ ಬಿಟ್ಟವರು, ರಿಪೇರಿಯ ಗೊಡವೆಯೇ ಬೇಡ ಎನ್ನುವವರು ಹಳೆಯದನ್ನು ಬಂದ ಬೆಲೆಗೆ ಕೊಟ್ಟುಬಿಡುತ್ತಾರೆ. ಕೈಕೆಲಸ ಬಲ್ಲವರಿಗೆ ಇದು ಒಳ್ಳೆಯ ಅವಕಾಶವೇ. ಪಂಪು, ಹೀಟರ್, ಕೊಳವೆ, ನೀರು ಚಿಮ್ಮಿಸುವ ಜೆಟ್ ಎಲ್ಲವನ್ನೂ ಬಿಚ್ಚಿ ಬದಲಿಸಬಹುದು. ಆದರೆ ಟಬ್ ಅಗ್ಗವಾಯಿತೆಂದು ಅದರಡಿಯ ನೆಲ, ಅದಕ್ಕೆ ಬರುವ ಕರೆಂಟು, ಅದರೊಳಗಿನ ನೀರು ಈ ಮೂರರಲ್ಲೂ ಉಳಿತಾಯಕ್ಕೆ ಹೊರಟರೆ ಜೀವಕ್ಕೇ ಅಪಾಯ.

ಈ ಟಬ್‌ನ ಕಥೆ ಶುರುವಾದದ್ದು ಒಬ್ಬ ತಂದೆಯ ಸಂಕಟದಿಂದ. ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದ ಜಕೂಝಿ ಸಹೋದರರು ನೀರೆತ್ತುವ ಪಂಪು ತಯಾರಿಸುತ್ತಿದ್ದರು. ಅವರಲ್ಲಿ ಕಿರಿಯರಾದ ಕ್ಯಾಂಡಿಡೊ ಅವರ ಮಗ ಕೆನೆತ್‌ಗೆ ಎಳವೆಯಲ್ಲೇ ಸಂಧಿವಾತ ಅಂಟಿಕೊಂಡಿತ್ತು. ಆಸ್ಪತ್ರೆಯ ಜಲಚಿಕಿತ್ಸೆಯಿಂದ ಮಗುವಿನ ನೋವು ಇಳಿಯುವುದನ್ನು ಕಂಡು, ಮನೆಯ ಸ್ನಾನದ ತೊಟ್ಟಿಯಲ್ಲೇ ಇಡಬಹುದಾದ ಪಂಪನ್ನು ಅವರು ರೂಪಿಸಿದರು. 1956ರಲ್ಲಿ ಅದು ‘ಜೆ-300’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1968ರಲ್ಲಿ ಅದೇ ಕುಟುಂಬದ ರಾಯ್ ಜಕೂಝಿ, ಜೆಟ್‌ಗಳನ್ನು ತೊಟ್ಟಿಯ ಗೋಡೆಯಲ್ಲೇ ಕೂರಿಸಿದರು.

ಹಳೆಯ ಟಬ್ ತರುವವರು ಮೊದಲು ಹಾಕಬೇಕಾದ ಲೆಕ್ಕ ಭಾರದ್ದು. ಮಧ್ಯಮ ಗಾತ್ರದ ಟಬ್ ಖಾಲಿಯಿದ್ದಾಗಲೇ ಮುನ್ನೂರು ಕಿಲೋ ಮೀರಬಹುದು. ಅದಕ್ಕೆ 1,400 ಲೀಟರ್ ನೀರು ತುಂಬಿ, ನಾಲ್ಕೈದು ಮಂದಿ ಇಳಿದು ಕೂತರೆ ಒಟ್ಟು ಭಾರ ಎರಡು ಟನ್ ದಾಟುತ್ತದೆ. ಅಮೆರಿಕದ ಮನೆಗಳ ಮರದ ಡೆಕ್ ಸಾಮಾನ್ಯವಾಗಿ ಒಂದು ಚದರ ಅಡಿಗೆ 40 ಪೌಂಡ್ ಭಾರಕ್ಕೆಂದು ಕಟ್ಟಿದ್ದು. ತುಂಬಿದ ಟಬ್ ಅದರ ಎರಡು ಪಟ್ಟಿಗಿಂತ ಹೆಚ್ಚು ಒತ್ತಡ ಹಾಕುತ್ತದೆ. ಗಟ್ಟಿಸಿದ ಜಲ್ಲಿಯ ಮೇಲೆ ಕಂಬಿ ಹಾಕಿ ಸುರಿದ ನಾಲ್ಕು ಇಂಚಿನ ಕಾಂಕ್ರೀಟ್ ಹಾಸು, ಅದೂ ಸಮತಟ್ಟಾದದ್ದು, ನಂಬಿಕೆಗೆ ಅರ್ಹ. ನೆಲ ಒಂದು ಕಡೆ ಕುಸಿದರೆ ಟಬ್‌ನ ಚಿಪ್ಪು ಬಿರಿಯುತ್ತದೆ, ಕೊಳವೆಯ ಕೀಲುಗಳು ಸಡಿಲಾಗುತ್ತವೆ.

ಎರಡನೆಯದು ಕರೆಂಟು. ದೊಡ್ಡ ಟಬ್‌ಗಳಿಗೆ 240 ವೋಲ್ಟ್‌ನ, ಹೆಚ್ಚಾಗಿ 50 ಆಂಪಿಯರ್‌ನ ಪ್ರತ್ಯೇಕ ಲೈನ್ ಬೇಕು. ಸುಮಾರು 5 ಮಿಲಿಆಂಪಿಯರ್ ಸೋರಿಕೆಯಾದರೂ ಕರೆಂಟು ಕಡಿಯುವ ಜಿಎಫ್‌ಸಿಐ ಬ್ರೇಕರ್ ಅಲ್ಲಿ ಕಡ್ಡಾಯ. ನಮ್ಮ ಮನೆಗಳಲ್ಲಿ ಇದೇ ಕೆಲಸಕ್ಕೆ ಸಾಮಾನ್ಯವಾಗಿ ಹಾಕುವ ಆರ್‌ಸಿಸಿಬಿಯ ಮಿತಿ 30 ಮಿಲಿಆಂಪಿಯರ್. ನೀರಲ್ಲಿ ಕೂತವರ ರಕ್ಷಣೆಗೆ ಅಮೆರಿಕದ ನಿಯಮ ಎಷ್ಟು ಬಿಗಿ ಎಂಬುದು ಇದರಿಂದ ತಿಳಿಯುತ್ತದೆ. ಟಬ್‌ನಿಂದ ಕನಿಷ್ಠ ಐದು ಅಡಿ ದೂರದಲ್ಲಿ, ಕಣ್ಣಿಗೆ ಕಾಣುವಂತೆ, ಕರೆಂಟು ಆರಿಸುವ ಒಂದು ಸ್ವಿಚ್ ಇರಬೇಕೆಂಬ ನಿಯಮವೂ ಇದೆ. ಪಂಪು ಬದಲಿಸುವುದನ್ನು ಕಲಿಯಬಹುದು, ಆದರೆ ಈ ಲೈನ್ ಎಳೆಯುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ.

ಇನ್ನು ರಿಪೇರಿ. ಹೊರಗಿನ ಹಲಗೆ ಬಿಚ್ಚಿದರೆ ಎಷ್ಟೋ ಸಲ ಮೊದಲು ಕಾಣುವುದು ಇಲಿಗಳ ಗೂಡು. ಚಳಿಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಂದ ಅವು ವೈರುಗಳನ್ನೂ ಕಡಿದಿರುತ್ತವೆ. ಪಂಪಿನ ಬುಡದಲ್ಲಿ ತುಕ್ಕಿನ ಕಲೆಯಿದ್ದು, ಮೋಟಾರಿಗೂ ಪಂಪಿಗೂ ನಡುವಿನಿಂದ ಹನಿ ಬೀಳುತ್ತಿದ್ದರೆ ಶಾಫ್ಟ್ ಸೀಲ್ ಹೋಗಿದೆ ಎಂದರ್ಥ. ಅಂಗೈಯಲ್ಲಿ ಹಿಡಿಸುವ, ಪಿಂಗಾಣಿ ಮತ್ತು ರಬ್ಬರಿನ ಆ ಬಿಲ್ಲೆಯನ್ನು ಬದಲಿಸಿದರೆ ಸಾಕು. ಮೋಟಾರು ಕಿರುಚುತ್ತಿದ್ದರೆ ದೋಷ ಬೇರಿಂಗ್‌ನದು.

ಸೋರಿಕೆ ಎಲ್ಲಿದೆ ಎಂದು ಗೊತ್ತಾಗದಿದ್ದರೆ ಟಬ್ ತುಂಬಿಸಿ, ಪಂಪು ನಿಲ್ಲಿಸಿ ಸುಮ್ಮನೆ ಬಿಡಬೇಕು. ನೀರು ಇಳಿಯುತ್ತಾ ಹೋಗಿ ಯಾವ ಮಟ್ಟದಲ್ಲಿ ನಿಲ್ಲುತ್ತದೋ ಅಲ್ಲಿನ ಜೆಟ್ಟಿನ ಮೇಲೆ ಅನುಮಾನ. ನಿಂತ ನೀರಿನಲ್ಲಿ ಅದರ ಬಾಯಿಗೆ ಅಡುಗೆಯ ಬಣ್ಣದ ಒಂದೆರಡು ಹನಿ ಬಿಟ್ಟರೆ, ಬಿರುಕಿದ್ದಲ್ಲಿ ಬಣ್ಣ ಎಳೆಯಾಗಿ ಒಳಗೆ ಸರಿಯುತ್ತದೆ. ಆಮೇಲೆ ಹಿಂಬದಿಯಲ್ಲಿ ಶಾಖ ತಡೆಯಲು ತುಂಬಿರುವ ಫೋಮನ್ನು ಕೈಯಿಂದ ಅಗೆದು ತೆಗೆದು, ಒದ್ದೆ ಎಲ್ಲಿಂದ ಬಂತೆಂದು ಹಿಂಬಾಲಿಸಬೇಕು. ಎಷ್ಟೋ ಸಲ ಕೊನೆಗೆ ಸಿಗುವುದು ಒಣಗಿ ಬಿರಿದ ಒಂದು ಓ-ರಿಂಗ್.

ಸ್ವಿಚ್ ಹಾಕಿದ ತಕ್ಷಣ ಬ್ರೇಕರ್ ಬೀಳುತ್ತಿದ್ದರೆ ಅನೇಕ ಸಲ ಹೀಟರ್‌ನ ಕಾಯಿಲ್ ಒಳಗೇ ಬಿರಿದಿರುತ್ತದೆ. ಮುಖ್ಯ ಸ್ವಿಚ್ ಆರಿಸಿ ಹೀಟರ್‌ನ ವೈರುಗಳನ್ನು ಕಳಚಿ, ತುದಿಗಳನ್ನು ಸುರಕ್ಷಿತವಾಗಿ ಮುಚ್ಚಿದ ಮೇಲೆ ಬ್ರೇಕರ್ ಬೀಳದೆ ನಿಂತರೆ ಕಳ್ಳ ಸಿಕ್ಕಂತೆ. ಸರಿಯಾದ 5.5 ಕಿಲೋವಾಟ್ ಹೀಟರ್‌ಗೆ 1,400 ಲೀಟರ್ ನೀರನ್ನು 15 ಡಿಗ್ರಿ ಸೆಲ್ಸಿಯಸ್‌ನಿಂದ 39ಕ್ಕೆ ಏರಿಸಲು ಏಳು ತಾಸಿನಷ್ಟು ಹೊತ್ತು ಬೇಕು. ನೀರು 40 ಡಿಗ್ರಿ ದಾಟಕೂಡದು.

ಮೊದಲೇ ಹೇಳಿದ ಮೂರರಲ್ಲಿ ಕೊನೆಯದು ನೀರಿನ ಶುದ್ಧಿ. ಹಂಡೆಯನ್ನಾದರೆ ಹುಣಸೆಹಣ್ಣು ಹಚ್ಚಿ ತಿಕ್ಕಬಹುದು. ಟಬ್‌ನ ಕೊಳವೆಗಳೊಳಗೆ ಕೈ ಹೋಗುವುದಿಲ್ಲ. ತಿಂಗಳುಗಟ್ಟಲೆ ನಿಂತ ನೀರಿನಲ್ಲಿ ಅಲ್ಲಿ ಲೋಳೆ ಕಟ್ಟಿರುತ್ತದೆ. ಲೀಜನೆಲ್ಲಾ ಬ್ಯಾಕ್ಟೀರಿಯಾಕ್ಕೆ ಬೆಚ್ಚಗಿನ ಇಂಥ ಜಾಗವೇ ಇಷ್ಟ. 2019ರಲ್ಲಿ ನಾರ್ತ್ ಕ್ಯಾರೊಲಿನಾದ ಜಾತ್ರೆಯೊಂದರಲ್ಲಿ 130ಕ್ಕೂ ಹೆಚ್ಚು ಮಂದಿ ಇದರಿಂದ ಕಾಯಿಲೆ ಬಿದ್ದರು, ನಾಲ್ವರು ತೀರಿಕೊಂಡರು. ತನಿಖೆ ಬೊಟ್ಟುಮಾಡಿದ್ದು ಅಲ್ಲಿ ಪ್ರದರ್ಶನಕ್ಕಿಟ್ಟಿದ್ದ ಹಾಟ್ ಟಬ್‌ಗಳತ್ತ. ಕೆಲವರು ನೀರಿಗೆ ಇಳಿದಿರಲೇ ಇಲ್ಲ. ಪಕ್ಕದಲ್ಲಿ ನಡೆದು ಹೋಗುವಾಗ ಅದರ ಹಬೆಯನ್ನು ಉಸಿರಾಡಿದ್ದರು. ಹಾಗಾಗಿ ಕೊಳವೆ ತೊಳೆಯುವ ದ್ರಾವಣ ಹಾಕಿ ಜೆಟ್ ಓಡಿಸಿ, ನೀರು ಚೆಲ್ಲಿ, ಲೋಳೆ ಬರುವುದು ನಿಲ್ಲುವವರೆಗೆ ಮತ್ತೆ ಮಾಡಬೇಕು. ಫಿಲ್ಟರ್ ಹೊಸದೇ ಇರಲಿ. ಬಳಸುವಾಗ ಕ್ಲೋರಿನ್ ಕನಿಷ್ಠ 3 ಪಿಪಿಎಂ ಇರಬೇಕು.

ನೀರು ಹೀರುವ ಕಿಂಡಿಯ ಮುಚ್ಚಳವನ್ನಂತೂ ಮರೆಯುವಂತಿಲ್ಲ. 2002ರಲ್ಲಿ ಏಳು ವರ್ಷದ ವರ್ಜೀನಿಯಾ ಗ್ರೇಮ್ ಬೇಕರ್ ಹಾಟ್ ಟಬ್ಬಿನ ಆ ಕಿಂಡಿಯ ಸೆಳೆತಕ್ಕೆ ಸಿಕ್ಕಿಕೊಂಡಳು. ತಾಯಿ ಎಳೆದರೂ ಬಿಡಿಸಲಾಗಲಿಲ್ಲ, ಮಗು ಉಳಿಯಲಿಲ್ಲ. ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ ಮೊಮ್ಮಗಳು ಆಕೆ. ಆ ತಾಯಿಯ ಹೋರಾಟದಿಂದ 2007ರಲ್ಲಿ ಮಗಳ ಹೆಸರಿನಲ್ಲೇ ಕಾನೂನು ಬಂತು. ಅಲ್ಲಿ ಮಾರುವ ಇಂಥ ಮುಚ್ಚಳಗಳು ಸುರಕ್ಷತಾ ಮಾನದಂಡಕ್ಕೆ ಒಳಪಟ್ಟವು. ಅದಕ್ಕೂ ಹಿಂದಿನ ಟಬ್ ಸಿಕ್ಕರೆ, ಹಳೆಯ ಮುಚ್ಚಳ ಗಟ್ಟಿಯಾಗಿದ್ದರೂ ಕಿತ್ತು ಹೊಸದನ್ನು ಹಾಕಬೇಕು.

ಡಲ್ಲಾಸ್‌ನಲ್ಲೋ ಸಿಯಾಟಲ್‌ನಲ್ಲೋ ಇರುವ ಕನ್ನಡಿಗರು ಇಂಥ ಜಾಹೀರಾತು ಕಂಡರೆ ಟ್ರಕ್ ಗೊತ್ತುಮಾಡುವ ಮೊದಲು ಒಂದು ಮಾತು ಕೇಳಿ: ‘ಟಬ್‌ಗೆ ನೀರು ತುಂಬಿಸಿ, ಬಿಸಿ ಮಾಡಿ, ಜೆಟ್ ಓಡಿಸಿ ತೋರಿಸುತ್ತೀರಾ?’ ತೋರಿಸಿದರೆ ಬೆಲೆ ಮಾತಾಡಿ. ತೋರಿಸದಿದ್ದರೆ ಹೊಸ ಪಂಪು, ಹೊಸ ಹೀಟರ್, ಕಾಂಕ್ರೀಟ್ ಹಾಸು, ಎಲೆಕ್ಟ್ರಿಷಿಯನ್ ಖರ್ಚನ್ನೆಲ್ಲ ಕೂಡಿ ನೋಡಿ. ಆ ಮೊತ್ತ ಕೈಗೆಟುಕುವುದಾದರೆ ಮಾತ್ರ ಉಚಿತದ ಟಬ್ ಮನೆಗೆ ತನ್ನಿ.