ಯಾವ ತಿಪ್ಪೇಸ್ವಾಮಿ?

ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ನಿಂತು ‘ತಿಪ್ಪೇಸ್ವಾಮೀ’ ಎಂದು ಒಮ್ಮೆ ಗಟ್ಟಿಯಾಗಿ ಕರೆದರೆ ಕಡಿಮೆಯೆಂದರೂ ನಾಲ್ಕು ಮಂದಿ ತಿರುಗಿ ನೋಡುತ್ತಾರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಪಡೆದ ಮಕ್ಕಳಿಗೆ ಈ ಹೆಸರು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ಒಂದೇ ಮನೆಯಲ್ಲಿ ಇಬ್ಬರು ತಿಪ್ಪೇಸ್ವಾಮಿಗಳು ಇರುವುದೂ ಉಂಟು. ಹೆಣ್ಣುಮಕ್ಕಳಲ್ಲಿ ತಿಪ್ಪಮ್ಮ, ಬೋರಮ್ಮ, ಮಾರಕ್ಕ, ಓಬಕ್ಕ. ಊರಿನಲ್ಲಿ ಇದರಿಂದ ಯಾರಿಗೂ ತೊಡಕಿಲ್ಲ. ‘ಮೇಲ್ಮನೆ ತಿಪ್ಪೇಸ್ವಾಮಿ’, ‘ಟ್ರ್ಯಾಕ್ಟರ್ ತಿಪ್ಪೇಸ್ವಾಮಿ’ ಎಂದರೆ ಸಾಕು, ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ತೊಡಕು ಶುರುವಾಗುವುದು ದಾಖಲೆಯಲ್ಲಿ. ಹೆದ್ದಾರಿಯಲ್ಲಿ ಬಿದ್ದು ಹಿರಿಯೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿಕೊಂಡ ತಿಪ್ಪೇಸ್ವಾಮಿ, ಹದಿನೈದು ವರ್ಷದ ಮೇಲೆ ಬೆಂಗಳೂರಿನಲ್ಲಿ ಥೈರಾಯ್ಡ್ ಕ್ಯಾನ್ಸರಿಗೆ ದಾಖಲಾದ ತಿಪ್ಪೇಸ್ವಾಮಿ, ಮತ್ತೂ ಹತ್ತು ವರ್ಷಕ್ಕೆ ಗ್ರಾಮದ ಮರಣ ರಿಜಿಸ್ಟರಿನಲ್ಲಿ ಸೇರಿದ ತಿಪ್ಪೇಸ್ವಾಮಿ: ಮೂವರೂ ಒಬ್ಬನೇನಾ?

ವಿಕಿರಣಕ್ಕೂ ಮನುಷ್ಯನ ಆರೋಗ್ಯಕ್ಕೂ ಇರುವ ನಂಟನ್ನು ಹುಡುಕುವ ವಿಜ್ಞಾನವೆಲ್ಲ ಕೊನೆಗೆ ಈ ಪ್ರಶ್ನೆಗೆ ಬಂದು ನಿಲ್ಲುತ್ತದೆ. ದೊಡ್ಡ ಪ್ರಮಾಣದ ವಿಕಿರಣ ತಾಕಿದರೆ ಕೆಲವೇ ದಿನಗಳಲ್ಲಿ ಮೈಮೇಲೆ ಗೊತ್ತಾಗುತ್ತದೆ. ಸಣ್ಣ ಪ್ರಮಾಣ, ಬಹಳ ವರ್ಷ – ಕಷ್ಟವಿರುವುದು ಇಲ್ಲಿ. ರಕ್ತ ಕ್ಯಾನ್ಸರ್ ಕೆಲವೇ ವರ್ಷಗಳಲ್ಲಿ ಕಾಣಿಸಿಕೊಳ್ಳಬಹುದು. ಗಡ್ಡೆಯಾಗಿ ಬೆಳೆಯುವ ಕ್ಯಾನ್ಸರುಗಳು ಹತ್ತು, ಇಪ್ಪತ್ತು, ನಲವತ್ತು ವರ್ಷ ತೆಗೆದುಕೊಳ್ಳುತ್ತವೆ. ವಿಕಿರಣವಿಲ್ಲದೆಯೂ ಅವೇ ಕ್ಯಾನ್ಸರುಗಳು ಬರುತ್ತವೆ. ಬಂದ ಗಡ್ಡೆಯ ಮೇಲೆ ಇದು ಇಂಥದ್ದರಿಂದ ಬಂತು ಎಂಬ ಗುರುತು ಇರುವುದಿಲ್ಲ. ಹಾಗಾಗಿ ಒಬ್ಬ ರೋಗಿಯನ್ನು ಎಷ್ಟು ಪರೀಕ್ಷಿಸಿದರೂ ಉತ್ತರ ಸಿಗದು. ಸಾವಿರಾರು ಜನರನ್ನು ಹತ್ತಾರು ವರ್ಷ ಹಿಂಬಾಲಿಸಬೇಕು, ಯಾರಿಗೆ ಎಷ್ಟು ತಾಕಿತು ಎಂದು ಬರೆದಿಡಬೇಕು, ಯಾರಿಗೆ ಏನಾಯಿತು ಎಂದು ಅದರ ಪಕ್ಕದಲ್ಲೇ ಬರೆಯಬೇಕು. ಬರೆದವನು ನಿವೃತ್ತನಾದ ಮೇಲೂ ಆ ಪುಸ್ತಕ ಉಳಿಯಬೇಕು.

ಜಪಾನಿನಲ್ಲಿ ಉಳಿಯಿತು. ಹಿರೋಷಿಮಾ, ನಾಗಸಾಕಿಯ ಮೇಲೆ 1945ರಲ್ಲಿ ಬಾಂಬು ಬಿದ್ದಿತು. ಸುಮಾರು 1,20,000 ಜನರ ಆಯುಷ್ಯವನ್ನು 1950ರಿಂದ ಇಂದಿನವರೆಗೂ ಅಲ್ಲಿ ಹಿಂಬಾಲಿಸಲಾಗುತ್ತಿದೆ. ಇದನ್ನು ಸಾಧ್ಯವಾಗಿಸಿದ್ದು ಅಲ್ಲಿನ ‘ಕೊಸೆಕಿ’, ಅಂದರೆ ಪ್ರತಿ ಕುಟುಂಬದ ಹುಟ್ಟು, ಮದುವೆ, ಸಾವುಗಳನ್ನು ಸರ್ಕಾರ ಒಂದೇ ಕಡೆ ಬರೆದಿಡುವ ಕುಟುಂಬ ದಫ್ತರ. ಬದುಕುಳಿದವರು ದೇಶದ ಯಾವ ಮೂಲೆಗೆ ಹೋಗಿ ನೆಲೆಸಿ ಸತ್ತರೂ ಕೊಸೆಕಿಯಲ್ಲಿ ಗೊತ್ತಾಗುತ್ತದೆ. ಆ ಅಧ್ಯಯನದಿಂದ ನಾವು ಕಲಿಯಬೇಕಾದ ಇನ್ನೊಂದು ಪಾಠವಿದೆ. ಬಾಂಬು ಬಿದ್ದಾಗ ನೀವು ಎಲ್ಲಿದ್ದಿರಿ, ಮನೆಯೊಳಗೋ ಹೊರಗೋ, ಯಾವ ಗೋಡೆಯ ಮರೆಯಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದಿರಿ ಎಂದು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡಿದ್ದರು. ಅದರಿಂದ ಲೆಕ್ಕ ಹಾಕಿದ ವಿಕಿರಣದ ಪ್ರಮಾಣವನ್ನು 1986ರಲ್ಲಿ ಒಮ್ಮೆ, 2002ರಲ್ಲಿ ಮತ್ತೊಮ್ಮೆ ಹೊಸದಾಗಿ ಲೆಕ್ಕ ಹಾಕಬೇಕಾಯಿತು. ‘ಇಷ್ಟು ತಾಕಿದೆ’ ಎಂಬ ಉತ್ತರವನ್ನು ಮಾತ್ರ ಇಟ್ಟುಕೊಂಡು ಮೂಲ ಹೇಳಿಕೆಗಳನ್ನು ಬಿಸಾಡಿದ್ದರೆ ಮರುಲೆಕ್ಕ ಆಗುತ್ತಲೇ ಇರಲಿಲ್ಲ.

ನಮ್ಮ ದೇಶದಲ್ಲೂ ಇಂಥದ್ದೊಂದು ಆಗಿದೆ, ಪಕ್ಕದ ಕೇರಳದಲ್ಲೇ. ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿಯ ಕಡಲತೀರದ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಇದೆ. ಕೆಲವೆಡೆ ವರ್ಷಕ್ಕೆ 70 ಮಿಲಿಗ್ರೇವರೆಗೂ ಸಹಜ ವಿಕಿರಣ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು 1990ರಿಂದ ಮನೆಮನೆಗೆ ಹೋಗಿ 3,85,103 ಜನರನ್ನು ನೋಂದಾಯಿಸಿದರು. ಮನೆಯ ಒಳಗೂ ಹೊರಗೂ ವಿಕಿರಣ ಅಳೆದರು. ಗಂಡಸರು, ಹೆಂಗಸರು, ಮಕ್ಕಳು ದಿನದಲ್ಲಿ ಎಷ್ಟು ಹೊತ್ತು ಮನೆಯೊಳಗಿರುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರು. 30ರಿಂದ 84 ವರ್ಷದೊಳಗಿನ 69,958 ಜನರನ್ನು ಸರಾಸರಿ ಹತ್ತೂವರೆ ವರ್ಷ ಹಿಂಬಾಲಿಸಿದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. 2005ರ ಕೊನೆಯವರೆಗೆ 1,379 ಕ್ಯಾನ್ಸರ್ ಪ್ರಕರಣಗಳು ಸಿಕ್ಕಿದ್ದವು. ವಿಕಿರಣ ಹೆಚ್ಚಿದಂತೆ ಕ್ಯಾನ್ಸರ್ ಹೆಚ್ಚಿದ ಗುರುತು ಕಾಣಲಿಲ್ಲ. ಈ ಉತ್ತರ ಕೆಲವರಿಗೆ ಸಮಾಧಾನ ತಂದಿತು, ಕೆಲವರು ಇನ್ನೂ ಕಾಯಬೇಕು ಎಂದರು. ಅಂಥ ವಾದಕ್ಕೂ ಕೈಯಲ್ಲಿ ಒಂದು ಲೆಕ್ಕ ಬೇಕು. ಅದು ಅವರ ಬಳಿ ಇದೆ.

ನಮ್ಮ ದುರ್ಗದ ಸೀಮೆಗೆ ಇದೆಲ್ಲ ಯಾಕೆ ಎಂದು ಓದುಗರು ಕೇಳಬಹುದು. ಮೊದಲನೆಯ ಕಾರಣ ಕಾಲಕೆಳಗೇ ಇದೆ. ಪೂರ್ವ ಕರ್ನಾಟಕದ ಗ್ರಾನೈಟಿನಲ್ಲಿ ಯುರೇನಿಯಂ ಸಹಜವಾಗಿಯೇ ಇರುತ್ತದೆ. ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಆ ಕಲ್ಲಿನ ಸಂದಿಯ ನೀರು ಮೇಲೆ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರ ಮತ್ತು ಮಂಗಳೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು ಪೂರ್ವ ಕರ್ನಾಟಕದ 73 ಹಳ್ಳಿಗಳ ಕುಡಿಯುವ ನೀರನ್ನು ಪರೀಕ್ಷಿಸಿದಾಗ 57 ಹಳ್ಳಿಗಳಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಮೀರಿತ್ತು. ಅದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. 48 ಹಳ್ಳಿಗಳಲ್ಲಿ ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ 60 ಮೈಕ್ರೋಗ್ರಾಂ ಮಿತಿಯನ್ನೂ ದಾಟಿತ್ತು. ನೀರಿನೊಳಗಿನ ಯುರೇನಿಯಂ ಮೊದಲು ತಟ್ಟುವುದು ಮೂತ್ರಪಿಂಡಕ್ಕೆ, ಅದೂ ವಿಕಿರಣಕ್ಕಿಂತ ಹೆಚ್ಚಾಗಿ ರಾಸಾಯನಿಕ ವಿಷವಾಗಿ. ಹೀಗಾಗಿ ಕ್ಯಾನ್ಸರ್ ಒಂದನ್ನೇ ಎಣಿಸಿದರೂ ಸಾಲದು.

ಈಗ ಹೊಳಲ್ಕೆರೆ, ಹೊಸದುರ್ಗದ ಕಡೆಯ ಒಂದು ಮನೆಯನ್ನು ನೆನೆಸಿಕೊಳ್ಳಿ. ಅಡಿಕೆ, ತೆಂಗು ಉಳಿಸಿಕೊಳ್ಳಲು ಬೋರ್ ಮೇಲೆ ಬೋರ್ ಕೊರೆಸಿದವರು. ಮೊದಲ ಹತ್ತು ವರ್ಷ ಸೇದುವ ಬಾವಿಯ ನೀರು ಕುಡಿದರು. ಆಮೇಲೆ ಇನ್ನೂರಡಿ ಬೋರ್, ಅದು ಬತ್ತಿದ ಮೇಲೆ ಆರುನೂರಡಿ ಬೋರ್, ಬರದಲ್ಲಿ ಟ್ಯಾಂಕರ್, ಈಗ ಐದು ರೂಪಾಯಿ ನಾಣ್ಯ ಹಾಕಿ ತರುವ ಶುದ್ಧ ನೀರಿನ ಘಟಕದ ಕ್ಯಾನ್. ಹಿರಿಯೂರು ಪಟ್ಟಣದಲ್ಲಿರುವ ಇವರ ಅಣ್ಣನಿಗೆ ವಾಣಿವಿಲಾಸ ಸಾಗರದ ನೀರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರ ದೇಹಕ್ಕೆ ಹೋದದ್ದು ಬೇರೆ ಬೇರೆ ನೀರು. ‘ಈ ಊರಿನ ನೀರು ಇಷ್ಟಿದೆ’ ಎಂಬ ಒಂದು ಸಾಲಿನ ವರದಿಯಿಂದ ಇವರಿಬ್ಬರಲ್ಲಿ ಯಾರ ಕಥೆಯೂ ಗೊತ್ತಾಗದು. ಯಾವ ಬೋರ್, ಎಷ್ಟು ಆಳ, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ಬೇಕು. ಗುಳೆ ಹೋದ ವರ್ಷಗಳನ್ನೂ, ಕುರಿ ಹಿಂಡಿನೊಡನೆ ತಿಂಗಳುಗಟ್ಟಲೆ ಹಟ್ಟಿಯಿಂದ ಹೊರಗಿದ್ದ ದಿನಗಳನ್ನೂ ಬರೆಯಬೇಕು.

ಎರಡನೆಯದು ಎಕ್ಸ್‌ರೇ ಕೋಣೆ. ಜಿಲ್ಲಾಸ್ಪತ್ರೆಯಿಂದ ತಾಲ್ಲೂಕು ಆಸ್ಪತ್ರೆವರೆಗೆ, ಖಾಸಗಿ ಸ್ಕ್ಯಾನಿಂಗ್ ಸೆಂಟರುಗಳಲ್ಲಿ, ದಿನವಿಡೀ ಯಂತ್ರದ ಪಕ್ಕ ನಿಲ್ಲುವ ಟೆಕ್ನಿಷಿಯನ್ನರು ಎದೆಯ ಮೇಲೆ ಒಂದು ಪುಟ್ಟ ಬ್ಯಾಡ್ಜ್ ಧರಿಸಬೇಕು. ಅದರೊಳಗೆ ಮೂರು ಬಿಲ್ಲೆಗಳಿರುತ್ತವೆ. ತಾಕಿದ ವಿಕಿರಣದ ಶಕ್ತಿಯನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯದಲ್ಲಿ ಬಿಸಿ ಮಾಡಿದಾಗ ಅಷ್ಟನ್ನೂ ಬೆಳಕಾಗಿ ಉಗುಳುತ್ತವೆ. ಆ ಬೆಳಕನ್ನು ಅಳೆದು ಅಂಕಿ ಬರೆದುಕೊಳ್ಳುತ್ತಾರೆ. ನನ್ನನ್ನು ಬಹಳ ಕಾಡಿದ ಸಂಗತಿ ಏನೆಂದರೆ, ಒಮ್ಮೆ ಓದಿದ ಮೇಲೆ ಬಿಲ್ಲೆ ಖಾಲಿ. ಮತ್ತೆ ಓದಲು ಏನೂ ಉಳಿಯುವುದಿಲ್ಲ. ಆ ಮೂರು ತಿಂಗಳು ಆ ಮನುಷ್ಯನ ಮೈಗೆ ಏನು ತಾಕಿತು ಎಂಬುದಕ್ಕೆ ಈ ಲೋಕದಲ್ಲಿ ಉಳಿದಿರುವ ಸಾಕ್ಷಿ ಆ ಒಂದು ಅಂಕಿ. ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು, ಯಾವ ಒಂದು ವರ್ಷದಲ್ಲೂ 30 ದಾಟಬಾರದು ಎಂಬುದು ನಿಯಮ. ಈ ಅಂಕಿಗಳನ್ನು ಜೀವಮಾನವಿಡೀ ಒಂದೇ ಸಂಖ್ಯೆಯಡಿ ಕೂಡಿಸಿಡುವ ರಾಷ್ಟ್ರೀಯ ದಾಖಲೆ ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿದೆ. ಒಳ್ಳೆಯ ವ್ಯವಸ್ಥೆ. ಆದರೆ ಬ್ಯಾಡ್ಜ್ ಎದೆಯ ಮೇಲಿರದೆ ಗೋಡೆಯ ಮೊಳೆಗೆ ನೇತಾಡಿದರೆ, ದಾವಣಗೆರೆಗೆ ಕೆಲಸ ಬದಲಿಸಿದಾಗ ಹಳೆಯ ಸಂಖ್ಯೆ ಕೊಡದೆ ಹೊಸದನ್ನು ಮಾಡಿಸಿದರೆ, ಒಬ್ಬ ಮನುಷ್ಯ ಇಬ್ಬರಾಗಿ ಇಬ್ಬರಿಗೂ ಕಡಿಮೆ ವಿಕಿರಣ ತಾಕಿದಂತೆ ಕಾಣುತ್ತದೆ.

ರೋಗಿಗಳಿಗಾದರೋ ಇಷ್ಟೂ ಇಲ್ಲ. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನಿನಲ್ಲಿ ಎಂಟು–ಹತ್ತು ಮಿಲಿಸೀವರ್ಟ್ ತಾಕಬಹುದು, ಅಂದರೆ ಮೂರ್ನಾಲ್ಕು ವರ್ಷದ ಸಹಜ ವಿಕಿರಣದಷ್ಟು. ಜೀವ ಉಳಿಸುವ ಪರೀಕ್ಷೆಯದು, ಬೇಕಾದಾಗ ಮಾಡಿಸಲೇಬೇಕು. ಆದರೆ ಎಷ್ಟು ಸಲ ಮಾಡಿಸಿದ್ದೀರಿ ಎಂದು ಕೇಳಿದರೆ ಹೇಳಬಲ್ಲವರು ಯಾರು? ನಮ್ಮ ಮನೆಯ ಅಟ್ಟದ ಮೇಲೆ ಅಪ್ಪನ ಎಕ್ಸ್‌ರೇ ಫಿಲ್ಮುಗಳ ಸುರುಳಿ ಇತ್ತು. ಗ್ರಹಣದ ದಿನ ನಾವು ಹುಡುಗರು ಅದನ್ನು ತುಂಡು ಮಾಡಿ ಸೂರ್ಯನನ್ನು ನೋಡಿದೆವು. ಕಣ್ಣಿಗೆ ಅಪಾಯ ಎಂದೂ ತಿಳಿದಿರಲಿಲ್ಲ, ಅದು ಅಪ್ಪನ ಆರೋಗ್ಯದ ಏಕೈಕ ದಾಖಲೆ ಎಂದೂ ಹೊಳೆದಿರಲಿಲ್ಲ.

ಮೂರನೆಯದು ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲು. ಅಮೃತಮಹಲ್ ದನಗಳು ಮೇಯುತ್ತಿದ್ದ ಆ ಹುಲ್ಲುಗಾವಲಿನ 1,810 ಎಕರೆ ಭಾಭಾ ಕೇಂದ್ರಕ್ಕೆ ಮಂಜೂರಾಗಿದೆ. ಯುರೇನಿಯಂ ಸಂವರ್ಧನೆಯ ಘಟಕ ಚಿತ್ರದುರ್ಗ ಜಿಲ್ಲೆಗೆ ಬರುವುದೆಂದು 2011ರಲ್ಲಿ ಅಣುಶಕ್ತಿ ಆಯೋಗದವರೇ ಹೇಳಿದ್ದರು. ಕಾವಲಿನ ಬಗ್ಗೆ ದನಗಾಹಿಗಳು ನಡೆಸಿದ ಹೋರಾಟ ಬೇರೆಯೇ ಲೇಖನಕ್ಕೆ ತಕ್ಕ ವಿಷಯ. ಇಲ್ಲಿ ನಾನು ಹೇಳುವುದು ಒಂದೇ: ಸುತ್ತಲಿನ ಹಳ್ಳಿಗಳ ಇಂದಿನ ಆರೋಗ್ಯವನ್ನು ಇಂದೇ ಬರೆದಿಡಬೇಕು. ಮುಂದೆ ಯಾರಾದರೂ ‘ಘಟಕದಿಂದ ಕಾಯಿಲೆ ಹೆಚ್ಚಿತು’ ಎಂದರೂ, ‘ಮೊದಲಿನಿಂದಲೂ ಇಷ್ಟೇ ಇತ್ತು’ ಎಂದರೂ, ಮೊದಲು ಎಷ್ಟಿತ್ತು ಎಂಬುದಕ್ಕೆ ಲೆಕ್ಕ ಬೇಡವೇ? ಕೈಗಾ ಅಣುಸ್ಥಾವರದಲ್ಲಿ 2000ದಲ್ಲಿ ವಾಣಿಜ್ಯ ವಿದ್ಯುತ್ ಉತ್ಪಾದನೆ ಶುರುವಾಗುವ ಮುನ್ನವೇ ಮಂಗಳೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಸುತ್ತಲಿನ ಪರಿಸರದ ವಿಕಿರಣವನ್ನು ಅಳೆದಿದ್ದರು. ಕೈಗಾ ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೇ ಸ್ಪರ್ಧಿಸಿದ್ದರು, ಸೋತರು. ಸ್ಥಾವರ ಬೇಕೆಂದವರಿಗೂ ಬೇಡವೆಂದವರಿಗೂ ಇವತ್ತು ಆ ಹಳೆಯ ಅಳತೆಗಳೇ ಆಧಾರ.

ಹಾಗಾದರೆ ಹೇಗೆ ಬರೆದಿಡುವುದು? ದೂರ ಹೋಗಬೇಕಿಲ್ಲ. ಜಮೀನಿನ ವಿಷಯದಲ್ಲಿ ನಾವು ಇದನ್ನು ತಲೆಮಾರುಗಳಿಂದ ಮಾಡುತ್ತ ಬಂದಿದ್ದೇವೆ. ಸರ್ವೆ ನಂಬರಿಗೆ ಮಾಲೀಕನ ಹೆಸರಿನ ಹಂಗಿಲ್ಲ. ಅಪ್ಪ ಸತ್ತರೆ, ಮಕ್ಕಳು ಪಾಲಾದರೆ, ಹೊಲ ಮಾರಿದರೆ ನಂಬರ್ ಅಳಿಯುವುದಿಲ್ಲ, ಹಿಸ್ಸಾ ಸೇರುತ್ತದೆ. ಹಳೆಯದನ್ನು ಹೊಡೆದುಹಾಕುವುದಿಲ್ಲ, ಮ್ಯುಟೇಷನ್ ಆಗುತ್ತದೆ. ಯಾವ ವರ್ಷ ಯಾವ ಬೆಳೆ, ಮಳೆಯಾಶ್ರಿತವೋ ಬಾವಿಯೋ ಎಂದು ಪಹಣಿಯಲ್ಲಿ ಬರೆದಿರುತ್ತದೆ. ಶಾನುಭೋಗರ ಕಡತದಲ್ಲಿದ್ದದ್ದು ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಕಂಪ್ಯೂಟರಿಗೆ ಬಂತು: 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು. ಅಷ್ಟು ಮಾಡಿದ ರಾಜ್ಯಕ್ಕೆ ಒಂದು ಜಿಲ್ಲೆಯ ಮನೆ, ಬೋರ್‌ವೆಲ್ ಮತ್ತು ಮನುಷ್ಯರಿಗೆ ಬದಲಾಗದ ಸಂಖ್ಯೆ ಕೊಟ್ಟು ಹೀಗೆಯೇ ಕಾಯುವುದು ಅಸಾಧ್ಯವೇನಲ್ಲ. ಹೊಲಕ್ಕಿರುವ ಪಹಣಿ ಅದನ್ನು ಉಳುವವನ ದೇಹಕ್ಕಿಲ್ಲ.

ಹೆಸರು, ವಯಸ್ಸನ್ನೇ ನೆಚ್ಚಿಕೊಳ್ಳುವಂತಿಲ್ಲ ಎಂಬುದಕ್ಕೆ ಇನ್ನೊಂದು ಗುರುತು ಹೇಳುತ್ತೇನೆ. ನಮ್ಮ ಹಳ್ಳಿಗಳ ಶಾಲಾ ದಾಖಲೆ ತೆರೆದರೆ ಜೂನ್ 1ರಂದು ಹುಟ್ಟಿದವರ ಸಾಲೇ ಸಿಗುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಅದೇ ಮುಂದೆ ಆಧಾರ್‌ಗೂ ಆಸ್ಪತ್ರೆ ಚೀಟಿಗೂ ಹೋಗಿರುತ್ತದೆ. ತಿಪ್ಪೇಸ್ವಾಮಿ, ಜೂನ್ 1 – ಇಷ್ಟರಿಂದ ಕಂಪ್ಯೂಟರ್ ಯಾರನ್ನು ಹುಡುಕೀತು? ಮದುವೆಯಾದ ಹೆಣ್ಣುಮಗಳ ಊರೂ ಇನಿಷಿಯಲ್ಲೂ ಬದಲಾಗಿರುತ್ತವೆ. ಮನೆಯಲ್ಲೇ ಸತ್ತವರ ಸಾವಿನ ಕಾರಣ ‘ವಯಸ್ಸಾಗಿತ್ತು’. ತಪ್ಪು ಜೋಡಣೆ ಹೆಚ್ಚಾದಷ್ಟೂ ನಿಜವಾದ ಅಪಾಯ ತೆಳುವಾಗಿ ಕಾಣುತ್ತದೆ, ಕೊನೆಗೆ ‘ಏನೂ ಇಲ್ಲ’ ಎಂಬ ವರದಿ ಬರುತ್ತದೆ. ಜನರನ್ನು ಅಂಜಿಸುವ ಸುಳ್ಳಿನಷ್ಟೇ ಕೆಟ್ಟದ್ದು ಈ ಸುಳ್ಳು.

ಬರೆದಿಟ್ಟದ್ದನ್ನು ಕಾಯುವುದು ಇನ್ನೂ ದೊಡ್ಡ ಹೊಣೆ. ಇನ್ನೂರು ಮನೆಯ ಊರಿನಲ್ಲಿ ಹೆಸರು ಅಳಿಸಿ ‘52 ವರ್ಷದ ಹೆಂಗಸು, ಥೈರಾಯ್ಡ್ ಕ್ಯಾನ್ಸರ್’ ಎಂದು ಪ್ರಕಟಿಸಿದರೂ ಸಂತೆಯ ಹೊತ್ತಿಗೆ ಅವಳು ಯಾರೆಂದು ಗೊತ್ತಾಗಿರುತ್ತದೆ. ‘ಆ ಊರಿನ ನೀರು ಕೆಟ್ಟದಂತೆ, ಹೆಣ್ಣು ಕೊಡಬೇಡಿ’ ಎಂಬ ಮಾತು ಹರಡಲು ಒಂದು ಜಾತ್ರೆ ಸಾಕು. ಹೆಸರಿನ ಪುಸ್ತಕ ಬೇರೆ ಬೀಗದಲ್ಲಿ, ರೋಗದ ಪುಸ್ತಕ ಬೇರೆ ಬೀಗದಲ್ಲಿ ಇರಬೇಕು. ನಡುವಿನ ಸಂಖ್ಯೆ ಕೆಲವರ ಕೈಯಲ್ಲಿ ಮಾತ್ರ. ಸಣ್ಣ ಊರುಗಳನ್ನು ಕೂಡಿಸಿಯೇ ಅಂಕಿ ಹೇಳಬೇಕು. ಆದರೆ ನಿನ್ನ ಬೋರಿನ ನೀರು ಹೀಗಿದೆ, ನಿನ್ನ ಕಿಡ್ನಿ ಹೀಗಿದೆ ಎಂದು ಆಯಾ ಮನೆಯವರಿಗೆ ಮೊದಲು ತಿಳಿಸಬೇಕು. ಹಿರೋಷಿಮಾದಲ್ಲಿ ಅಮೆರಿಕದ ಆಯೋಗ ತಮ್ಮನ್ನು ಪರೀಕ್ಷಿಸಿತು, ಚಿಕಿತ್ಸೆ ಕೊಡಲಿಲ್ಲ ಎಂದು ಬದುಕುಳಿದವರು ಜೀವಮಾನವಿಡೀ ನೊಂದರು. ಆ ಕೆಲಸವನ್ನು ಮುಂದುವರಿಸಿದ ಸಂಸ್ಥೆಯ ಮುಖ್ಯಸ್ಥರು 2017ರಲ್ಲಿ, ಎಪ್ಪತ್ತು ವರ್ಷ ಕಳೆದ ಮೇಲೆ, ಅದಕ್ಕೆ ವಿಷಾದ ವ್ಯಕ್ತಪಡಿಸಿದರು. ರಕ್ತ ಕೊಟ್ಟವರಿಗೆ ಫಲಿತಾಂಶವನ್ನೂ ಔಷಧಿಯನ್ನೂ ಕೊಡದ ಅಧ್ಯಯನವನ್ನು ದುರ್ಗದ ಜನ ಒಪ್ಪಬಾರದು.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದ ಕ್ಯಾನ್ಸರ್ ನೋಂದಣಿ ದೇಶದ ಹಳೆಯ ನೋಂದಣಿಗಳಲ್ಲಿ ಒಂದು. ಅದು ಎಣಿಸುವುದು ಬೆಂಗಳೂರಿನ ನಿವಾಸಿಗಳನ್ನು. ಚಿತ್ರದುರ್ಗಕ್ಕೂ ಅಂಥದ್ದು ಬೇಕು, ಅದನ್ನು ಕೇಳಿ ಪಡೆಯಬೇಕು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಒಂದು ಕೆಲಸವಿದೆ. ಹಿರಿಯೂರಿನಿಂದಲೋ ಹೊಳಲ್ಕೆರೆಯಿಂದಲೋ ಅವ್ವನನ್ನು ಚಿಕಿತ್ಸೆಗೆ ಕರೆದೊಯ್ದಾಗ, ಪತ್ರ ಬೇಗ ತಲುಪಲಿ, ಫೋನಿಗೆ ಸಿಗಲಿ ಎಂದು ಬೆಂಗಳೂರಿನ ಮಗನ ಮನೆಯ ವಿಳಾಸ ಬರೆಸುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಮಗನ ಫೋನ್ ನಂಬರ್ ಕೊಡಿ. ಊರು ಎಂಬ ಜಾಗದಲ್ಲಿ ಅವ್ವ ಇಷ್ಟು ವರ್ಷ ನೀರು ಕುಡಿದ ಊರಿನ ಹೆಸರನ್ನೇ ಬರೆಸಿ.