ಗುಂಡಿನ ವೇಗವೂ ಶಾಲೆಯ ಬಾಗಿಲೂ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1999ರ ಕೊಲಂಬೈನ್ ಶಾಲೆಯ ಹತ್ಯಾಕಾಂಡದಿಂದ ಈಚೆಗೆ ಒಂದು ವಾದ ನಿಂತೇ ಇಲ್ಲ. ಶಾಲೆಗಳನ್ನು ಕೋಟೆಯಂತೆ ಭದ್ರಪಡಿಸಬೇಕೆಂದು ಕೆಲವರು, ಕೋವಿ ಕೈಗೆ ಸಿಕ್ಕುವುದನ್ನೇ ಕಾನೂನಿನಿಂದ ತಡೆಯಬೇಕೆಂದು ಮತ್ತೆ ಕೆಲವರು. ಈ ವಾದದಲ್ಲಿ ಭೌತವಿಜ್ಞಾನವೂ ಹೇಳಬೇಕಾದುದು ಸ್ವಲ್ಪ ಉಂಟು.

ಚಲಿಸುವ ವಸ್ತುವಿನ ಚಲನಶಕ್ತಿಯು ಅದರ ದ್ರವ್ಯರಾಶಿಯನ್ನೂ ವೇಗದ ವರ್ಗವನ್ನೂ ಅವಲಂಬಿಸುತ್ತದೆಂಬುದನ್ನು ವಾಚಕರು ಬಲ್ಲರು. ಪಿಸ್ತೂಲಿನ 8 ಗ್ರಾಂ ಗುಂಡು ಸೆಕೆಂಡಿಗೆ 360 ಮೀಟರ್ ವೇಗದಿಂದ ಹೊರಟರೆ ಅದರ ಶಕ್ತಿ ಸುಮಾರು 520 ಜೂಲ್. ಎ.ಆರ್.-15 ಮಾದರಿಯ ರೈಫಲಿನ ಗುಂಡು ಇದರ ಅರ್ಧದಷ್ಟೂ ತೂಗದು, ಕೇವಲ 3.6 ಗ್ರಾಂ. ಆದರೆ ಅದರ ವೇಗ ಸೆಕೆಂಡಿಗೆ 950 ಮೀಟರಿನಷ್ಟು. ಆದುದರಿಂದ ಶಕ್ತಿ 1,600 ಜೂಲಿಗೂ ಮಿಗಿಲು. ತರಗತಿಯ ಸಾಮಾನ್ಯ ಮರದ ಬಾಗಿಲು ಇದನ್ನು ತಡೆಯಲಾರದು. ಮೇಜಿನ ಹಿಂದೆ ಅವಿತ ನಾಯಕ ಪಾರಾಗುವುದು ಚಲನಚಿತ್ರಗಳಿಗೇ ಸರಿ!

ಹಾಗಾದರೆ ಬೀಗದಿಂದ ಫಲವೇನು? ಅದು ಗುಂಡನ್ನಲ್ಲ, ಮನುಷ್ಯನನ್ನು ತಡೆಯುತ್ತದೆ. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯ ಮುಂಬಾಗಿಲಿಗೆ ಬೀಗವಿತ್ತು. ಹಂತಕನು ಪಕ್ಕದ ಗಾಜನ್ನು ಗುಂಡಿನಿಂದ ಒಡೆದು ಒಳನುಗ್ಗಿದನು. ಐದು ನಿಮಿಷಗಳೊಳಗೆ ರೈಫಲಿನಿಂದ 154 ಗುಂಡುಗಳು ಹಾರಿದವು. 20 ಮಕ್ಕಳೂ 6 ಮಂದಿ ಹಿರಿಯರೂ ಮಡಿದರು. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರವನ್ನು ಬೆಸೆದಿದ್ದರೆ, ಗುಂಡು ತೂರಿದರೂ ಗಾಜು ಉದುರಿಬೀಳದೆ ಅಂಟಿಕೊಂಡಿರುತ್ತದೆ. ಇದರಿಂದ ಲಭಿಸುವುದು ಒಂದೆರಡು ನಿಮಿಷ. ಭದ್ರತೆಯೆಂಬುದು ಬಹುಮಟ್ಟಿಗೆ ಕಾಲವನ್ನು ಗಳಿಸುವ ಉಪಾಯವೇ ಹೊರತು ಬೇರಲ್ಲ. ಗಳಿಸಿದ ಕಾಲವನ್ನು ಬಳಸುವವರೂ ಬೇಕು. 2022ರಲ್ಲಿ ಟೆಕ್ಸಾಸಿನ ಯುವಾಲ್ಡೆಯಲ್ಲಿ 376 ಮಂದಿ ಪೋಲೀಸರು ಬಂದು ನೆರೆದರೂ ಹಂತಕನನ್ನು ಎದುರಿಸಲು 77 ನಿಮಿಷಗಳು ಹಿಡಿದವು.

ಲೋಹಶೋಧಕ ದ್ವಾರದ ತತ್ತ್ವ ಫ್ಯಾರಡೆಯದು. ಸುರುಳಿಯಲ್ಲಿ ಪರ್ಯಾಯ ವಿದ್ಯುತ್ತು ಹರಿದಾಗ ಬದಲಾಗುತ್ತಿರುವ ಕಾಂತಕ್ಷೇತ್ರವು, ಒಯ್ಯುತ್ತಿರುವ ಲೋಹದಲ್ಲಿ ಸುಳಿಪ್ರವಾಹಗಳನ್ನು ಪ್ರೇರಿಸುತ್ತದೆ. ಅವುಗಳ ಕ್ಷೇತ್ರವನ್ನು ಇನ್ನೊಂದು ಸುರುಳಿ ಗುರುತಿಸುತ್ತದೆ. ಅಡಗಿಸಿ ತಂದ ಪಿಸ್ತೂಲನ್ನು ಇದು ಚೆನ್ನಾಗಿ ಪತ್ತೆಹಚ್ಚುತ್ತದೆ. ಆದರೆ ಯಂತ್ರ ಕೂಗಬಲ್ಲುದು, ಹಿಡಿಯಲಾರದು. 2005ರಲ್ಲಿ ಮಿನೆಸೋಟದ ರೆಡ್ ಲೇಕ್ ಶಾಲೆಯಲ್ಲಿ ಇಂಥ ದ್ವಾರದ ಬಳಿ ನಿಂತಿದ್ದ ನಿರಾಯುಧ ಕಾವಲುಗಾರನೇ ಮೊದಲು ಬಲಿಯಾದನು.

ಕಾನೂನು ಇದಕ್ಕಿಂತ ಹಿಂದಿನ ಹಂತದಲ್ಲಿ ಕೈಹಾಕುತ್ತದೆ. ಸ್ಕಾಟ್ಲೆಂಡಿನ ಡನ್‌ಬ್ಲೇನಿನಲ್ಲಿ 1996ರಲ್ಲಿ 16 ಮಕ್ಕಳೂ ಒಬ್ಬ ಉಪಾಧ್ಯಾಯಿನಿಯೂ ಹತರಾದ ಮೇಲೆ, ಬ್ರಿಟನ್ 1997ರಲ್ಲಿ ಖಾಸಗಿ ಪಿಸ್ತೂಲುಗಳನ್ನು ಬಹುತೇಕ ನಿಷೇಧಿಸಿತು. ಅಂಥ ಹತ್ಯಾಕಾಂಡ ಅಲ್ಲಿನ ಶಾಲೆಗಳಲ್ಲಿ ಮರುಕಳಿಸಿಲ್ಲ. ಬ್ರಿಟನ್ನಿನಲ್ಲಿ ಕೋವಿಗಳು ಮೊದಲೇ ವಿರಳವಾಗಿದ್ದುವೆಂಬ ಆಕ್ಷೇಪವೂ ನ್ಯಾಯವಾದುದೇ. 2017ರ ಅಂದಾಜಿನಂತೆ ಅಮೆರಿಕದ ನಾಗರಿಕರಲ್ಲಿರುವ ಕೋವಿಗಳು 39 ಕೋಟಿ, ಅಲ್ಲಿನ ಜನಸಂಖ್ಯೆಗಿಂತಲೂ ಹೆಚ್ಚು. ಇವನ್ನೆಲ್ಲ ಮರಳಿ ಪಡೆಯುವುದು ಸುಲಭವಲ್ಲ.

ಆದರೆ ನನಗೆ ಅತಿ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಅಮೆರಿಕದ ಸೀಕ್ರೆಟ್ ಸರ್ವೀಸ್ 2019ರ ತನ್ನ ವರದಿಯಲ್ಲಿ ಪರಿಶೀಲಿಸಿದ ಶಾಲಾದಾಳಿಗಳಲ್ಲಿ, ಕೋವಿ ಹಿಡಿದುಬಂದವರ ಪೈಕಿ ಸುಮಾರು ಮುಕ್ಕಾಲು ಪಾಲು ಮಂದಿ ಅದನ್ನು ತಂದೆತಾಯಿಗಳ ಅಥವಾ ಹತ್ತಿರದ ಬಂಧುಗಳ ಮನೆಯಿಂದಲೇ ತಂದಿದ್ದರು. ಮನೆಯ ಕೋವಿಯನ್ನು ಬೀಗದೊಳಗಿಡಬೇಕೆಂಬ ಕಾನೂನು ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಇಲ್ಲ.