ನಾಟ ಹೊಲದಲ್ಲಿ ಬೆಳೆಯಲಿ, ಪೊಟರೆ ಕಾಡಿನಲ್ಲಿ ಉಳಿಯಲಿ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಿಂದ ಪಡುವಣಕ್ಕೆ ಹೊರಟರೆ ತೆಂಗಿನ ತೋಟ, ರಾಗಿ ಹೊಲಗಳನ್ನು ದಾಟಿ, ಸಕಲೇಶಪುರ ಸೀಮೆಯ ಕಾಫಿ ತೋಟಗಳನ್ನೂ ಕಳೆದು, ಹಾಸನ ಜಿಲ್ಲೆಯ ಅಂಚಿನ ಬಿಸಿಲೆ ಮೀಸಲು ಅರಣ್ಯ ಸೇರಬಹುದು. ಅಲ್ಲಿಗೆ ಹತ್ತಿರದ ಮಂಕನಹಳ್ಳಿ ದಿಣ್ಣೆಯ ಮೇಲೆ ಬಿದ್ದ ಮಳೆ ಇಬ್ಭಾಗವಾಗುತ್ತದೆ. ಒಂದು ಪಾಲು ಕುಮಾರಧಾರೆಯ ಕಡೆಗೆ ಹರಿದು ಅರಬ್ಬಿ ಸಮುದ್ರ ಸೇರಿದರೆ, ಇನ್ನೊಂದು ಹೇಮಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಹೇಮಾವತಿಯ ನಾಲೆ ಚನ್ನರಾಯಪಟ್ಟಣ ತಾಲ್ಲೂಕಿಗೂ ಬಂದಿದೆ. ಹಾಗಾಗಿ ಘಟ್ಟದ ಕಾಡಿನ ಕಥೆ ಬಯಲುಸೀಮೆಯವರ ಕಥೆಯೂ ಹೌದು.

ಸರ್ಕಾರಿ ಕಾಡಿನಿಂದ ನಾವು ಮೂರನ್ನು ಬಯಸುತ್ತೇವೆ: ಮನೆಗೆ ನಾಟ, ರಜೆಗೆ ವಿಹಾರ, ಅಪರೂಪದ ಜೀವಿಗಳಿಗೆ ನೆಲೆ. ಮೂರೂ ಒಂದೇ ಗುಡ್ಡದಲ್ಲಿ ಸಿಗುತ್ತವೆಯೇ?

ಪಶ್ಚಿಮಘಟ್ಟದ ಭೋಗಿ ಮರ ಒಂದು ಕಾಲಕ್ಕೆ ರೈಲ್ವೆ ಸ್ಲೀಪರ್ ಆಗುತ್ತಿತ್ತು. ಧೂಪದ ಮರ ಪ್ಲೈವುಡ್‌ಗೆ ಹೋಗುತ್ತಿತ್ತು. ನಿಗದಿತ ಸುತ್ತಳತೆ ಮೀರಿದ ಮರಗಳನ್ನಷ್ಟೇ ಆರಿಸಿ ಕಡಿದರೆ ಚಿಕ್ಕವು ಬೆಳೆದು ಜಾಗ ತುಂಬುತ್ತವೆ ಎಂಬುದು ಆಗಿನ ಲೆಕ್ಕ. ಆದರೆ ಒಳ್ಳೆಯ ನಾಟ ಕೊಡುವ ಹೆಮ್ಮರವೇ ಒಳ್ಳೆಯ ಪೊಟರೆಯನ್ನೂ ಕೊಡುತ್ತದೆ. ದೊಡ್ಡ ಮಂಗಟ್ಟೆ ಹಕ್ಕಿಗೆ ಪೊಟರೆ ಕೊರೆಯಲು ಬಾರದು. ತಾನಾಗಿಯೇ ಆದ ಪೊಟರೆಯನ್ನು ಹುಡುಕಿ ಹೆಣ್ಣು ಒಳಗೆ ಕೂರುತ್ತದೆ, ಪೊಟರೆಯ ಬಾಯಿಯನ್ನು ಮುಚ್ಚಿಕೊಂಡು ಕಿರಿದಾದ ಸೀಳಷ್ಟೇ ಉಳಿಸಿಕೊಳ್ಳುತ್ತದೆ. ಗಂಡು ತಂದ ಹಣ್ಣು ಆ ಸೀಳಿನಿಂದಲೇ ಒಳಗೆ ಹೋಗಬೇಕು. ಮರದ ಮೇಲೆ ಬಾಳುವ ಮಲಬಾರ್ ನೆಲಗಪ್ಪೆಗೂ ಪೊಟರೆ ಆಸರೆಯಾಗುತ್ತದೆ. ಸಿಂಗಳೀಕಕ್ಕೆ ಕೊಂಬೆಯಿಂದ ಕೊಂಬೆಗೆ ಕಡಿಯದ ದಾರಿ ಬೇಕು. ಹತ್ತು ಮರಗಳಲ್ಲಿ ಒಂದನ್ನೇ ಕಡಿದರೂ ಅದು ಹೆಮ್ಮರವಾಗಿದ್ದರೆ ಇವೆಲ್ಲ ನೆಲೆ ತಪ್ಪುತ್ತವೆ.

ಮರುಹುಟ್ಟೂ ಸುಲಭವಲ್ಲ. ಧೂಪದಂಥ ಮರಗಳ ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುವುದಿಲ್ಲ. ಮಳೆಗಾಲದಲ್ಲೇ ಮೊಳೆಯಬೇಕು, ಎಳೆಯ ಸಸಿಗೆ ನೆರಳು ಬೇಕು. ಮೇಲ್ಚಾವಣಿ ತೆರೆದು ಬಿಸಿಲು ನೆಲಕ್ಕೆ ಬಿದ್ದರೆ ಉಪ್ಪಳಿಗೆಯಂಥ ಬಿಸಿಲುಪ್ರಿಯ ಮರಗಳು ಮುನ್ನುಗ್ಗುತ್ತವೆ. ಕಾಡು ಹಸಿರಾಗಿಯೇ ಕಾಣುತ್ತದೆ, ಆದರೆ ಅದು ಮೊದಲಿನ ಕಾಡಲ್ಲ.

ಅರಣ್ಯದ ಮೊದಲ ಕೆಲಸ ಪರಿಸರದ ಸಮತೋಲ, ನೇರ ಆದಾಯ ಅದಕ್ಕೆ ಅಧೀನ ಎಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಸಾರಿತು. ಕಾರ್ಖಾನೆಗಳು ತಮಗೆ ಬೇಕಾದ ಮರಕ್ಕೆ ಬೆಳೆಗಾರರನ್ನು ಅವಲಂಬಿಸಲಿ ಎಂದೂ ಹೇಳಿತು. ಅನುಮೋದಿತ ಕಾರ್ಯಯೋಜನೆಯಿಲ್ಲದೆ ಕಾಡಿನ ಮರ ಕಡಿಯಕೂಡದೆಂದು 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಕೊಡಲಿಗೆ ಕಡಿವಾಣ ಬಿತ್ತು.

ಈಗಿನ ಒತ್ತಡ ಕಾಲ್ತುಳಿತದ್ದು. ಬಿಸಿಲೆಯ ವೀಕ್ಷಣಾ ತಾಣದಿಂದ ಕಾಣುವ 1712 ಮೀಟರ್ ಎತ್ತರದ ಕುಮಾರಪರ್ವತ, ಪುಷ್ಪಗಿರಿ ಅಭಯಾರಣ್ಯಕ್ಕೆ ಸೇರಿದ್ದು. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಈ ಅಭಯಾರಣ್ಯವೂ ಒಂದು. 2024ರ ಜನವರಿಯಲ್ಲಿ ಅಲ್ಲಿಗೆ ಚಾರಣಿಗರು ಸಾವಿರಗಟ್ಟಲೆ ನುಗ್ಗಿದ ಮೇಲೆ ಸರ್ಕಾರ ಚಾರಣ ತಡೆದು, ಮುಂದೆ ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ 300 ಮಂದಿಯ ಮಿತಿ ಹಾಕಿತು. ಅದು ಸರಿಯಾದ ಹೆಜ್ಜೆ. ಜನ ತುಳಿದಷ್ಟೂ ಮಣ್ಣು ಗಟ್ಟಿಯಾಗಿ ನೀರು ಇಂಗುವುದು ಕಡಿಮೆಯಾಗುತ್ತದೆ, ಕಾಲುದಾರಿಯೇ ಕೊರಕಲಾಗುತ್ತದೆ. ತರಗೆಲೆಯಡಿಯ ಕಪ್ಪೆಗಳಿಗೂ ಉಳಿಗಾಲವಿಲ್ಲ.

ಪರಿಹಾರವಿರುವುದು ಜಾಗ ಹಂಚಿಕೆಯಲ್ಲಿ. ವಿಹಾರ ರಸ್ತೆಬದಿಯ ವೀಕ್ಷಣಾ ತಾಣಕ್ಕೆ, ಗುರುತಿಸಿದ ಕಾಲುದಾರಿಗೆ ಸೀಮಿತವಾಗಲಿ. ಹಳೆಯ ಮರಗಳ ಹಳ್ಳಕೊಳ್ಳಗಳಿಗೆ ಯಾರೂ ಇಳಿಯದಿರಲಿ. ನಾಟವನ್ನು ನಮ್ಮ ಬಯಲುಸೀಮೆ ಕೊಡಲಿ. ತೇಗ, ಹೊನ್ನೆ, ಸಿಲ್ವರ್ ಓಕ್, ಹೆಬ್ಬೇವುಗಳಿಗೆ ಹೊಲದ ಬದುವಿನಲ್ಲಿ ಜಾಗವಿದೆ. ಬದುಕುಳಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನ ಕೊಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯೂ ರಾಜ್ಯದಲ್ಲಿದೆ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನ ರೈತರು ಈ ಮುಂಗಾರಿಗೆ ಬದುವಿನಲ್ಲಿ ನಾಲ್ಕು ಸಸಿ ನೆಡಲಿ. ನಾಟವನ್ನು ಹೊಲದಲ್ಲಿ ಬೆಳೆಯಬಹುದು. ಮಂಗಟ್ಟೆಯ ಪೊಟರೆಯನ್ನು ನೂರಾರು ವರ್ಷದ ಕಾಡು ಮಾತ್ರ ಕೊಡಬಲ್ಲದು.